ಅರ್ಧ ಮಂಡಿ ಆಪರೇಷನ್ನೂ ಎಕ್ಸ್‌ರೇಲಿ ಕಂಡ ಕಪ್ಪು ಗೆರೆನೂ: ಆಲ್ದೂರು ಕಡೆಯ ಒಂದು ಕೇಸು

ಇದು ಆಲ್ದೂರು ಕಡೆಯ 61 ವರ್ಷದ ಒಬ್ಬ ಹೆಂಗಸಿನ ಬಲಮಂಡಿ ಕೇಸು, ಇಡೀ ಮಂಡಿ ಬದಲಾಯ್ಸದೆ ಸವೆದ ಒಂದು ಭಾಗ ಮಾತ್ರ ಬದಲಾಯ್ಸಿದ್ದು. ನಾನು ಚಿಕ್ಕಮಗಳೂರಲ್ಲಿ ಫಿಸಿಯೋಥೆರಪಿ ಮಾಡ್ತೀನಿ, ಬೆಳಿಗ್ಗೆ ಕ್ಲಿನಿಕ್ಕು, ಮಧ್ಯಾಹ್ನದ ಮೇಲೆ ಬೈಕ್ ಹತ್ತಿ ಮನೆಮನೆ ವಿಸಿಟ್ಟು. ನಿಮ್ಮ ಕೇಸ್ ಬರೀಲಾ ಅಂತ ಕೇಳಿದಾಗ ಅವ್ರು "ಹೆಸ್ರು ಹಾಕ್ಬೇಡ ತಮ್ಮ, ಮಂಡಿ ಬೇಕಾದ್ರೆ ಹಾಕ್ಕೋ" ಅಂದ್ರು. ಹಂಗಾಗಿ ಇಲ್ಲಿ ಅವರು ಬರೀ ಅಕ್ಕ. ಆಪರೇಷನ್ ಮಾಡಿದ ಸರ್ಜನ್ನು, ಆಸ್ಪತ್ರೆ, ಆಮೇಲೆ ಬರೋ ಬೆಂಗಳೂರಿನ ಡಾಕ್ಟ್ರು, ಯಾರ ಹೆಸ್ರೂ ಹಾಕಿಲ್ಲ. ಕೇಸು ಸಲೀಸಾಗಿ ಮುಗಿದಿದ್ರೆ ಬರೀತಾನೇ ಇರ್ಲಿಲ್ಲ. ಮಧ್ಯದಲ್ಲಿ ಒಂದು ಕಡೆ ನಾನು ಎಡವಿದೆ, ಇನ್ನೊಂದು ಕಡೆ ಸರಿಯಾಗೇ ಕೂತಿದ್ದ ಇಂಪ್ಲಾಂಟನ್ನ, ಅಂದ್ರೆ ಮಂಡಿ ಒಳಗೆ ಹಾಕಿದ ಕೃತಕ ಭಾಗನ, ಕಿತ್ತು ಮತ್ತೆ ಬೇರೆ ಹಾಕೋವರೆಗೂ ಮಾತು ಹೋಗಿತ್ತು. ಅದಕ್ಕೆಲ್ಲ ಅರ್ಧ ಕಾರಣ ಈ ಆಪರೇಷನ್ನಿಗೆ ನಮ್ಮ ಕಡೆ ಜನ ಇಟ್ಟಿರೋ ಹೆಸ್ರೇ ಅಂತ ನನಗೆ ಈಗಲೂ ಅನ್ಸುತ್ತೆ. "ಅರ್ಧ ಆಪರೇಷನ್." ಅರ್ಧ ಅಂದ ಮೇಲೆ ಇನ್ನರ್ಧ ಬಾಕಿ ಇದೆ ಅಂತಲೇ ಅಲ್ವಾ ಯಾರಿಗಾದ್ರೂ ಅನ್ಸೋದು.

ಅಕ್ಕನ ಮನೇದು ನಾಲ್ಕೂವರೆ ಎಕರೆ ಕಾಫಿ ತೋಟ, ಅರೇಬಿಕಾ ಜಾಸ್ತಿ, ಕೆಳಗಡೆ ಹಳ್ಳದ ಪಕ್ಕ ಸ್ವಲ್ಪ ರೋಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು. ಆಳು ಸಿಗದ ಕಾಲ, ಸಿಕ್ಕಿದ್ರೂ ಕೂಲಿ ಕೊಟ್ಟು ಪೂರೈಸಲ್ಲ, ಹಂಗಾಗಿ ಚಿಗುರು ತೆಗೆಯೋದ್ರಿಂದ ಹಿಡಿದು ಗಿಡದ ಬುಡದಲ್ಲಿ ಬಿದ್ದ ಹಣ್ಣು ಹೆಕ್ಕೋವರೆಗೆ ಗಂಡ ಹೆಂಡ್ತಿ ಇಬ್ಬರೇ. ಮನೆ ಮೇಲ್ಗಡೆ, ತೋಟ ಕೆಳಗಡೆ. ದಿನಕ್ಕೆ ನಾಲ್ಕು ಸಲ ಇಳಿದು ಹತ್ತಬೇಕು. ಮಂಡಿ ನೋವು ಶುರುವಾಗಿ ಆರು ವರ್ಷ ಆಗಿತ್ತಂತೆ, ಹತ್ತೋವಾಗ ಅಷ್ಟಿಲ್ಲ, ಇಳಿಯೋವಾಗ ಪ್ರಾಣ ಹೋಗುತ್ತೆ ಅನ್ನೋರು. ಎಣ್ಣೆ ತಿಕ್ಕಿದ್ದಾಯ್ತು, ಬೆಲ್ಟ್ ಹಾಕಿದ್ದಾಯ್ತು, ಮಂಡಿ ಒಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಎರಡು ಸಲ, ಗೆಲ್ ಇಂಜೆಕ್ಷನ್ ಒಂದು ಸಲ. ಇಂಜೆಕ್ಷನ್ ಆದಾಗ ಒಂದೆರಡು ತಿಂಗಳು ಆರಾಮು, ಆಮೇಲೆ ಮತ್ತೆ ಅದೇ. ಇದರ ನಡುವೆ ಮೆಡಿಕಲ್ ಶಾಪಿಂದ ಚೀಟಿ ಇಲ್ಲದೆ ತಂದ ನೋವಿನ ಮಾತ್ರೆ, ಕೊಯ್ಲಿನ ಟೈಮಲ್ಲಿ ದಿನಕ್ಕೆ ಎರಡು. ಬಿಪಿ ಇರೋರು ಹಿಂಗೆ ವರ್ಷಗಟ್ಟಲೆ ನುಂಗಿದ್ರೆ ಕಿಡ್ನಿ ಕೇಳ್ಬೇಕಲ್ಲ, ಕಿಡ್ನಿ ಹೆಂಗಿದೆ ಅಂತ ನೋಡೋ ರಕ್ತ ಪರೀಕ್ಷೇಲಿ ಅವರ ಕ್ರಿಯಾಟಿನೈನ್ 1.3, ಇರಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ನಾನು ಮೊದಲು ಮಾಡಿದ ಕೆಲಸ ಆ ಮಾತ್ರೆ ನಿಲ್ಲಿಸಿ ಡಾಕ್ಟ್ರ ಹತ್ರ ಕಳ್ಸಿದ್ದು, ಎರಡನೇದು ತೊಡೆ ಮುಂದಿನ ಸ್ನಾಯುಗೆ ವ್ಯಾಯಾಮ ಕೊಟ್ಟಿದ್ದು. ಮೂರು ತಿಂಗಳು ಚಾಚೂ ತಪ್ಪದೆ ಮಾಡಿದ್ರು, ನಡಿಗೆ ಸ್ವಲ್ಪ ಸುಧಾರಿಸ್ತು, ರಾತ್ರಿ ನೋವು ಮಾತ್ರ ಬಿಡ್ಲಿಲ್ಲ.

ಅವರು ಮೊದಲ ದಿನ ಒಂದು ಎಕ್ಸ್‌ರೇ ತಂದಿದ್ರು, ಅದ್ರಲ್ಲಿ ಮಂಡಿ ಸಂದು ಪರವಾಗಿಲ್ಲ ಅನ್ನೋ ಹಂಗಿತ್ತು. ರಿಪೋರ್ಟಲ್ಲೂ "ಅಲ್ಪ ಸವೆತ". ಇಷ್ಟು ಸವೆತಕ್ಕೆ ಇಷ್ಟೊಂದು ನೋವಾ ಅಂತ ಮನೆಯವರಿಗೇ ಅನುಮಾನ, ಸೊಸೆ ಅಂತೂ ಬಾಯಿಬಿಟ್ಟು ಹೇಳ್ದಿದ್ರೂ ಮುಖದಲ್ಲಿತ್ತು. ಆಮೇಲೆ ನೋಡಿದ್ರೆ ಆ ಎಕ್ಸ್‌ರೇ ಮಲಗಿಸಿ ತೆಗೆದಿದ್ದು. ಮಲಗಿದಾಗ ಮಂಡಿ ಮೇಲೆ ಭಾರ ಎಲ್ಲಿದೆ? ಕಾರ್ಟಿಲೇಜ್, ಅಂದ್ರೆ ಮೂಳೆ ತುದಿ ಮೇಲಿನ ನುಣುಪು ಪದರ, ಪೂರ್ತಿ ಹೋಗಿದ್ರೂ ಮೂಳೆ ಎರಡೂ ದೂರ ದೂರ ನಿಂತು ಏನೂ ಆಗಿಲ್ಲ ಅನ್ನೋ ಹಂಗೆ ಕಾಣುತ್ತೆ. ಎರಡೂ ಕಾಲ ಮೇಲೆ ನಿಲ್ಸಿ ಮತ್ತೆ ತೆಗ್ಸಿದ್ವಿ, ಒಳಗಡೆ, ಅಂದ್ರೆ ಇನ್ನೊಂದು ಕಾಲಿನ ಕಡೆಗೆ ಇರೋ ಭಾಗದಲ್ಲಿ, ಮೂಳೆಗೆ ಮೂಳೆ ಕಚ್ಕೊಂಡು ಕೂತಿತ್ತು. ಹೊರಗಡೆ ಸಂದು ಚೆನ್ನಾಗೇ ಇತ್ತು. ಸೊಸೆ ಎರಡೂ ಫಿಲಂ ಕಿಟಕಿಗೆ ಹಿಡಿದು ನೋಡಿ ಸುಮ್ಮನಾದ್ರು.

ಇನ್ನೊಂದು ಚಿಕ್ಕ ವಿಷ್ಯ. ಎಲ್ಲಿ ನೋವು ಅಂತ ಕೇಳಿದ್ರೆ ಅಂಗೈನ ಇಡೀ ಮಂಡಿ ಮೇಲೆ ಸವರಿ "ಇಲ್ಲೆಲ್ಲ" ಅನ್ನೋರು ಜಾಸ್ತಿ. ಅಕ್ಕ ತೋರುಬೆರಳು ತಗೊಂಡು ಒಳಗಡೆ ಸಂದಿನ ಮೇಲೆ ಒತ್ತಿ "ಇಲ್ಲೇ, ಮೊಳೆ ಹೊಡ್ದಂಗೆ" ಅಂದಿದ್ರು. ಬರೀ ಬೆರಳು ನಂಬ್ಕೊಂಡು ಯಾರೂ ಆಪರೇಷನ್ ಮಾಡಲ್ಲ, ಆದ್ರೆ ಬೆರಳು ತೋರ್ಸಿದ ಜಾಗನೂ ನಿಂತು ತೆಗೆದ ಎಕ್ಸ್‌ರೇನೂ ಒಂದೇ ಮಾತು ಹೇಳ್ತಾ ಇದ್ರೆ ಕಿವಿ ನಿಮಿರುತ್ತೆ. ಸರ್ಜನ್ನಿಗೆ ಬರೆದ ಚೀಟೀಲಿ ಅದನ್ನೇ ಬರೆದೆ.

ಸರ್ಜನ್ನು ಹೇಳಿದ ರೀತಿ ಚೆನ್ನಾಗಿತ್ತು. ಮಂಡಿ ಅಂದ್ರೆ ಮೂರು ಕೋಣೆ ಮನೆ, ಒಳಗಿಂದೊಂದು, ಹೊರಗಿಂದೊಂದು, ಚಿಪ್ಪಿನ ಹಿಂದೆ ಒಂದು. ನಿಮ್ದು ಒಂದು ಕೋಣೆ ನೆಲ ಮಾತ್ರ ಕಿತ್ತೋಗಿದೆ, ಅದಕ್ಕೆ ಇಡೀ ಮನೆ ಯಾಕೆ ಕೆಡವೋದು, ಅಂದ್ರು. ಆದ್ರೆ ಒಂದು ಕೋಣೆ ಮಾತ್ರ ಅಂತ ಖಾತ್ರಿ ಮಾಡ್ಕೊಳ್ಳೋಕೆ ಅವರು ಪಟ್ಟ ಕಷ್ಟ ನಾನು ಪಕ್ಕದಲ್ಲಿ ನಿಂತು ನೋಡಿದೆ. ಕಾಲನ್ನ ಮಡಿಸಿ ಮುಂದಕ್ಕೆ ಎಳೆದು ಮಧ್ಯದ ಎಸಿಎಲ್ ಲಿಗಮೆಂಟ್, ಅಂದ್ರೆ ಎರಡು ಮೂಳೆನ ಕಟ್ಟಿ ಹಿಡಿಯೋ ಹುರಿ, ಗಟ್ಟಿ ಇದ್ಯಾ ನೋಡಿದ್ರು, ಅದು ಹರಿದಿದ್ರೆ ಸಾಮಾನ್ಯವಾಗಿ ಈ ಆಪರೇಷನ್ ಬೇಡ ಅಂತಾರೆ. ಬಿಲ್ಲಿನ ಹಂಗೆ ಬಾಗಿದ ಕಾಲು ಕೈಯಲ್ಲಿ ಒತ್ತಿದ್ರೆ ನೆಟ್ಟಗಾಗುತ್ತಾ, ಕಾಲು ಪೂರ್ತಿ ಚಾಚೋಕೆ ಎಷ್ಟು ಕಮ್ಮಿ ಬೀಳುತ್ತೆ, ಅದನ್ನೂ ನೋಡಿದ್ರು, ಅಕ್ಕಂದು 5 ಡಿಗ್ರಿ ಕಮ್ಮಿ ಇತ್ತು. ಆಮೇಲೆ ಮಂಡಿನ ಹೊರಗಡೆಯಿಂದ ಒತ್ತಿ ಹಿಡಿದು ಇನ್ನೊಂದು ಎಕ್ಸ್‌ರೇ, ಹಂಗೆ ಒತ್ತಿದಾಗಲೂ ಹೊರಗಡೆ ಕೋಣೆ ಸಂದು ಪೂರ್ತಿ ದಪ್ಪ ಉಳ್ಕೊಂಡ್ರೆ ಅಲ್ಲಿ ಕಾರ್ಟಿಲೇಜ್ ಇದೆ ಅಂತ. ಇತ್ತು. ಆಮವಾತ ಅಂದ್ರೆ ರುಮಟಾಯ್ಡ್ ಇರೋರಿಗೆ ಈ ಆಪರೇಷನ್ ಆಗಲ್ಲ, ಯಾಕಂದ್ರೆ ಆ ಕಾಯಿಲೆ ಒಂದೇ ಕೋಣೆಗೆ ನಿಲ್ಲಲ್ಲ, ಹಂಗಾಗಿ ರಕ್ತ ಪರೀಕ್ಷೆನೂ ಆಯ್ತು.

ಹಳೇ ಲೆಕ್ಕದಲ್ಲಿ ಆಗಿದ್ರೆ ಅಕ್ಕ ಫೇಲು. 1989ರಲ್ಲಿ ಅಮೆರಿಕದ ಕೋಜಿನ್ ಮತ್ತು ಸ್ಕಾಟ್ ಅಂತ ಇಬ್ಬರು ಸರ್ಜನ್ನುಗಳು ಈ ಆಪರೇಷನ್ ಯಾರಿಗೆ ಮಾಡಬಹುದು ಅಂತ ಒಂದು ಪಟ್ಟಿ ಕೊಟ್ಟಿದ್ರು, 60 ದಾಟಿರಬೇಕು, ತೂಕ 82 ಕೆಜಿ ಒಳಗಿರಬೇಕು, ಮೈಮುರಿಯೋ ಕೆಲಸ ಇರಬಾರದು ಅಂತೆಲ್ಲ. ವಯಸ್ಸು ತೂಕ ಸರಿ, ಅಕ್ಕ 70 ಕೆಜಿ, ಆದ್ರೆ ತೋಟದ ಕೆಲಸ ಬಿಡಿ ಅಂದ್ರೆ ಮಲೆನಾಡಲ್ಲಿ ಯಾರಿಗೂ ಆಪರೇಷನ್ ಮಾಡೋ ಹಂಗಿಲ್ಲ. ಆ ಪಟ್ಟಿ ಬಿಗಿ ಆಯ್ತು ಅಂತ ಆಮೇಲೆ ತುಂಬ ಜನ ಸಡಿಲ ಮಾಡಿದ್ರು, ಮುಖ್ಯವಾಗಿ ಇಂಗ್ಲೆಂಡಿನ ಆಕ್ಸ್‌ಫರ್ಡಿನವರು. ಅಲ್ಲಿ ಗುಡ್‌ಫೆಲೋ ಅನ್ನೋ ಸರ್ಜನ್ನೂ ಓಕಾನರ್ ಅನ್ನೋ ಇಂಜಿನಿಯರ್ರೂ ಸೇರಿ 1970ರ ದಶಕದಲ್ಲಿ ಮಾಡಿದ ಮಂಡಿ, 1982ರಿಂದ ಒಂದೇ ಕೋಣೆಗೆ ಹಾಕೋಕೆ ಶುರು ಮಾಡಿದ್ದು. ತೊಡೆ ಮೂಳೆ ತುದಿಗೊಂದು ಲೋಹದ ಟೋಪಿ, ಕೆಳಗಡೆ ಮೂಳೆಗೊಂದು ಲೋಹದ ತಟ್ಟೆ, ನಡುವೆ ಎಲ್ಲಿಗೂ ಅಂಟಿಸದ ಪ್ಲಾಸ್ಟಿಕ್ ತುಂಡು, ಮಂಡಿ ಮಡಿಸಿದಂಗೆ ಅದು ಹಿಂದೆ ಮುಂದೆ ಜಾರುತ್ತೆ. ಅಕ್ಕನಿಗೆ ಹಾಕಿದ್ದು ಆ ಥರದ್ದೇ.

ಮನೇಲಿ ಮಾತ್ರ ದೊಡ್ಡ ಪಂಚಾಯ್ತಿ. ಅಕ್ಕನ ಮೈದುನ ಹಾಸನದಲ್ಲಿರೋದು, ಅವರ ಪರಿಚಯದವರು ಯಾರೋ ಎರಡೂ ಮಂಡಿ ಪೂರ್ತಿ ಬದಲಾಯ್ಸಿಕೊಂಡು ಜಿಂಕೆ ಹಂಗೆ ಓಡಾಡ್ತಿದ್ದಾರಂತೆ, "ಮಾಡ್ಸೋದಾದ್ರೆ ಪೂರ್ತಿ ಮಾಡ್ಸಿ, ಅರ್ಧಂಬರ್ಧ ಕೆಲಸ ಯಾಕೆ" ಅಂತ ದಿನಾ ಫೋನು. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರು, ಅವನು ನೆಟ್ಟಲ್ಲಿ ಓದಿ ಅರ್ಧದ್ದು ಬೇಗ ಕೆಡುತ್ತೆ ಅಂತ ಹೆದರ್ಸಿದ. ಅವನು ಓದಿದ್ದು ಸುಳ್ಳಲ್ಲ. ಬೇರೆ ದೇಶದ ರಿಜಿಸ್ಟ್ರಿಗಳಲ್ಲಿ, ಅಂದ್ರೆ ಇಂಥ ಆಪರೇಷನ್ನುಗಳ ಲೆಕ್ಕ ಇಡೋ ದಾಖಲೆಗಳಲ್ಲಿ, ಬ್ರಿಟನ್ ಆಸ್ಟ್ರೇಲಿಯಾದ್ದು, 10 ವರ್ಷದ ಲೆಕ್ಕ ತಗೊಂಡ್ರೆ ಒಂದೇ ಕೋಣೆದು ಮತ್ತೆ ಬಿಚ್ಚಿ ಬದಲಾಯ್ಸಿದ್ದು ಪೂರ್ತಿದಕ್ಕಿಂತ ಸುಮಾರು ಮೂರು ಪಟ್ಟು. ಇದನ್ನ ಮುಚ್ಚಿಟ್ಟು ಆಪರೇಷನ್ ಮಾಡಿಸ್ಬಾರದು. ಇನ್ನೊಂದು ಕಡೆ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂದ ಟಾಪ್‌ಕ್ಯಾಟ್ ಅನ್ನೋ ಬ್ರಿಟನ್ನಿನ ಅಧ್ಯಯನ, 528 ಜನರನ್ನ ಚೀಟಿ ಎತ್ತಿದಂಗೆ ಎರಡು ಗುಂಪು ಮಾಡಿ ಒಂದಕ್ಕೆ ಅರ್ಧ ಒಂದಕ್ಕೆ ಪೂರ್ತಿ ಮಾಡಿದ್ದು, ಅದ್ರಲ್ಲಿ 5 ವರ್ಷ ಆದ್ಮೇಲೆ ಎರಡೂ ಗುಂಪಿನ ಮಂಡಿ ಎಷ್ಟು ಚೆನ್ನಾಗಿದೆ ಅನ್ನೋ ಸ್ಕೋರು ಹೆಚ್ಚುಕಮ್ಮಿ ಒಂದೇ, ಖರ್ಚು ಅರ್ಧದ್ದರಲ್ಲಿ ಕಮ್ಮಿ. ಸೋಂಕು, ಹಾರ್ಟ್ ಅಟ್ಯಾಕು, ರಕ್ತ ಕೊಡಬೇಕಾಗಿ ಬರೋದು, ಇವೂ ಅರ್ಧದ್ದರಲ್ಲಿ ಕಮ್ಮಿ ಅಂತ ದೊಡ್ಡ ದೊಡ್ಡ ಲೆಕ್ಕಗಳಿವೆ. ಬಿಪಿ, ಕಿಡ್ನಿ ಎರಡೂ ಸ್ವಲ್ಪ ಸೋತಿರೋ ಹೆಂಗಸಿಗೆ ಇದು ಸಣ್ಣ ವಿಷ್ಯ ಅಲ್ಲ.

ದುಡ್ಡಿನ ವಿಷ್ಯ ಬೇಗ ಹೇಳಿ ಮುಗಿಸ್ತೀನಿ. 2017ರ ಆಗಸ್ಟಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿಗೆ ಗರಿಷ್ಠ ಬೆಲೆ ಕಟ್ಟಿತು, ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಪೂರ್ತಿ ಮಂಡಿಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಜನ ಅದನ್ನ ಕೇಳಿ ಆಪರೇಷನ್ನೇ ಅಷ್ಟು ಅನ್ಕೋತಾರೆ, ಅಲ್ಲ, ರೂಮು ಥಿಯೇಟರು ಅನಸ್ತೇಶಿಯಾ ಎಲ್ಲ ಅದರ ಮೇಲೆ. ಇವರದ್ದು ಎಪಿಎಲ್ ಕಾರ್ಡು, ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೇಲಿ ಪ್ಯಾಕೇಜಿನ 30 ಪರ್ಸೆಂಟ್ ಮಾತ್ರ ಸಿಗೋದು, ಅದಕ್ಕೆ ಓಡಾಡೋ ಬದಲು ಮಗನ ಕಂಪನಿ ಇನ್ಶೂರೆನ್ಸಲ್ಲಿ ಮಾಡಿಸಿದ್ರು.

ಕೊನೆಗೆ ತೀರ್ಮಾನ ಮಾಡಿದ್ದು ಅಕ್ಕನೇ. "ನಂದು ಒಂದು ಬೆರಳಷ್ಟು ನೋವು, ಅಷ್ಟೇ ತೆಗೀರಿ" ಅಂದ್ರು. ಗೌರಿ ಗಣೇಶ ಮುಗಿಸ್ಕೊಂಡು, ಅರೇಬಿಕಾ ಹಣ್ಣಾಗೋಕೆ ಇನ್ನೂ ಎರಡು ತಿಂಗಳಿದೆ ಅಂತ ಲೆಕ್ಕ ಹಾಕಿ, ಸೆಪ್ಟೆಂಬರ್ ಕೊನೇಲಿ ಡೇಟು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಆಪರೇಷನ್ನು, ಗಾಯ ನನ್ನ ಅಂಗೈ ಅಗಲ, ಚಿಪ್ಪು ಮಗುಚಿಲ್ಲ, ಲಿಗಮೆಂಟ್ ಒಂದೂ ಕತ್ತರಿಸಿಲ್ಲ, ಲೋಹ ಕೂರಿಸಿದ್ದು ಮೂಳೆಗೆ ಹಾಕೋ ಸಿಮೆಂಟ್ ಹಾಕಿ. ಸಂಜೆ ವಾಕರ್ ಹಿಡ್ಕೊಂಡು ಬಾಗಿಲವರೆಗೆ ಹೋಗಿ ಬಂದ್ರು, ನಾಲ್ಕನೇ ದಿನ ಮನೆ.

ಮನೆ ಅಂದ್ನಲ್ಲ, ಅಲ್ಲಿಂದ ನನ್ನ ಕೆಲಸ. ಆಸ್ಪತ್ರೆ ಟೈಲ್ಸ್ ಮೇಲೆ ವಾಕರ್ ಓಡಿಸೋದೇನು ಕಷ್ಟ ಇಲ್ಲ. ಈ ಮನೇಲಿ ಜಗಲಿಗೆ ಹತ್ತೋಕೆ ಮೂರು ಮೆಟ್ಲು, ಮೂರೂ ಬೇರೆ ಬೇರೆ ಎತ್ತರ, ನಡುಮನೆಗೆ ಮೊಣಕೈಯುದ್ದದ ಹೊಸ್ತಿಲು, ಬಚ್ಚಲು ಮನೆ ಹಿಂದ್ಗಡೆ, ಅಲ್ಲಿ ಹಂಡೆ ಒಲೆ ಉರಿ ಹಾಕೋಕೆ ಕುಕ್ಕರುಗಾಲಲ್ಲಿ ಕೂರ್ಬೇಕು. ಮಳೆ ಇನ್ನೂ ಪೂರ್ತಿ ನಿಂತಿರ್ಲಿಲ್ಲ, ಅಂಗಳದಲ್ಲಿ ಪಾಚಿ. ಮೊದಲ ದಿನ ನಾನು ವ್ಯಾಯಾಮ ಹೇಳ್ಕೊಡೋ ಮುಂಚೆ ಯಜಮಾನ್ರ ಜೊತೆ ಸೇರಿ ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದ್ದು, ಮೆಟ್ಲ ಪಕ್ಕ ಅಡಿಕೆ ದಬ್ಬೆ ಕಟ್ಟಿ ಹಿಡ್ಕೊಳ್ಳೋಕೆ ಮಾಡಿದ್ದು. ಕಕ್ಕಸಿಗೆ ಮೇಲೆ ಇಡೋ ಕಮೋಡ್ ಕುರ್ಚಿ ತರ್ಸಿದ್ವಿ. ತೊಂದರೆ ಬಂದಿದ್ದು ಮಣೆಯಿಂದ. ಅಕ್ಕನಿಗೆ ತರಕಾರಿ ಹೆಚ್ಚೋದು, ಕಾಯಿ ತುರಿಯೋದು ಎಲ್ಲ ಈಳಿಗೆಮಣೆ ಮೇಲೆ ಕೂತೇ ಆಗ್ಬೇಕು, ಐವತ್ತು ವರ್ಷದ ಅಭ್ಯಾಸ. ಆ ಜಾರೋ ಪ್ಲಾಸ್ಟಿಕ್ ಇದ್ಯಲ್ಲ, ಮಂಡಿ ತೀರಾ ಮಡಿಸಿ ತಿರುಚಿದ್ರೆ ಅಪರೂಪಕ್ಕೆ ಅದು ಜಾಗ ಬಿಟ್ಟು ಹೊರಗೆ ನೆಗೆಯುತ್ತೆ, ನೆಲದ ಮೇಲೆ ಕೂರೋ ಅಭ್ಯಾಸ ಇರೋ ಏಷ್ಯಾ ದೇಶಗಳಲ್ಲಿ ಇದು ಜಾಸ್ತಿ ಅಂತ ವರದಿಗಳಿವೆ. ಸರ್ಜನ್ನು ನೆಲ ಬೇಡವೇ ಬೇಡ ಅಂದಿದ್ರು. ಎರಡನೇ ವಾರ ನಾನು ಹೋದಾಗ ಈಳಿಗೆಮಣೆನ ಡೈನಿಂಗ್ ಟೇಬಲ್ ಮೇಲಿಟ್ಟು, ನಿಂತ್ಕೊಂಡು, ಸೊಂಟ ಬಗ್ಗಿಸಿ ಬೀನ್ಸ್ ಹೆಚ್ತಾ ಇದ್ರು. ಚಾಕು ಕೊಡ್ಸಿ ಅಕ್ಕ ಅಂದ್ರೆ "ಚಾಕೂಲಿ ಹೆಚ್ಚಿದ್ದು ಪಲ್ಯ ಅಲ್ಲ" ಅಂದ್ರು.

ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದಾಗ ಮಂಡಿ 95 ಡಿಗ್ರಿ ಮಡಚ್ತಾ ಇತ್ತು, ಆರು ವಾರಕ್ಕೆ 120. ಆರು ವಾರಕ್ಕೆ ಕೋಲೂ ಬಿಟ್ಟಿದ್ರು. ನಾವು ಲೆಕ್ಕಕ್ಕೆ ಆಕ್ಸ್‌ಫರ್ಡ್ ನೀ ಸ್ಕೋರ್ ಹಾಕ್ತೀವಿ, 12 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4, ಒಟ್ಟು 48 ಬಂದ್ರೆ ಮಂಡಿ ಫಸ್ಟ್ ಕ್ಲಾಸು. ಆಪರೇಷನ್ ಮುಂಚೆ 17 ಇದ್ದಿದ್ದು ಈಗ 29. ಆ ಪ್ರಶ್ನೆಗಳ ಬಗ್ಗೆ ಒಂದು ಮಾತು, ಕಾರು ಹತ್ತಿ ಇಳಿಯೋದು ಕೇಳ್ತಾರೆ, ಶಾಪಿಂಗ್ ಕೇಳ್ತಾರೆ, ಮಂಡಿಯೂರೋದು ಕೇಳ್ತಾರೆ. ಚಕ್ಕಳಮಕ್ಕಳ ಹಾಕಿ ಪಂಕ್ತೀಲಿ ಕೂತು ಉಣ್ಣೋದು, ಇಳಿಜಾರಲ್ಲಿ ತಲೆ ಮೇಲೆ ಮೂಟೆ ಹೊತ್ಕೊಂಡು ಹತ್ತೋದು, ಅದ್ಯಾವ್ದೂ ಇಲ್ಲ. ಶಾಪಿಂಗ್ ಪ್ರಶ್ನೆಗೆ ಅಕ್ಕ "ಆಲ್ದೂರು ಸಂತೆನಾ, ಮುತ್ತೂಟ್ ಪಕ್ಕದ ಬಟ್ಟೆ ಅಂಗಡಿನಾ" ಅಂತ ವಾಪಸ್ ಕೇಳಿದ್ರು, ಸಂತೆ ಅಂತ ಬರ್ಕೊಂಡೆ.

ಇಲ್ಲಿಗೆ ಎಲ್ಲ ಚೆನ್ನಾಗಿತ್ತು, ಮತ್ತೆ ಅದೇ ನನ್ನನ್ನ ಕೆಡಿಸಿದ್ದು. ಪೂರ್ತಿ ಮಂಡಿ ಮಾಡಿಸಿದವರು ಆರು ವಾರಕ್ಕೆ ಇನ್ನೂ ಮುಲುಗ್ತಾ ಇರ್ತಾರೆ, ಇವರು ನಗ್ತಾ ಓಡಾಡ್ತಿದ್ರು, ನಾನು ಉತ್ಸಾಹದಲ್ಲಿ ನಾಲ್ಕು ಇಂಚಿನ ಸ್ಟೆಪ್ಪಿಂದ ಎಂಟು ಇಂಚಿಗೆ ಏರಿಸ್ದೆ, ಕಾಲಿಗೆ ಎರಡು ಕೆಜಿ ಮರಳು ಚೀಲ ಕಟ್ಟಿಸ್ದೆ, ಇಳಿಜಾರಲ್ಲಿ ನಡೀಬಹುದು ಅಂತಲೂ ಹೇಳ್ಬಿಟ್ಟೆ. ನವೆಂಬರ್ ಕೊನೆಗೆ ಕೊಯ್ಲು ಶುರುವಾಯ್ತು. ಬರೀ ಕಣದಲ್ಲಿ ಕಾಫಿ ಹರಡ್ತೀನಿ ಅಂದವರು ಬುಟ್ಟಿ ಸೊಂಟಕ್ಕೆ ಕಟ್ಕೊಂಡು ಕೆಳಗಿನ ಪಟ್ಟೆವರೆಗೂ ಇಳಿದಿದ್ದಾರೆ. ಹತ್ತು ಹನ್ನೊಂದನೇ ವಾರದ ಹೊತ್ತಿಗೆ ಹೊಸ ನೋವು, ಹಳೇ ಜಾಗದಲ್ಲಲ್ಲ, ಸಂದಿಗಿಂತ ಎರಡು ಬೆರಳು ಕೆಳಗೆ, ಒಳಗಡೆ, ಮೊಳಕಾಲು ಮೂಳೆ ಮೇಲೆ. ಒತ್ತಿದ್ರೆ ಅಯ್ಯೋ ಅಂತಿದ್ರು. ನಾನು ಅದನ್ನ ಸ್ನಾಯುರಜ್ಜು ಕೂರೋ ಜಾಗದ ಉರಿಯೂತ ಅನ್ಕೊಂಡೆ, ಆ ಜಾಗಕ್ಕೆ ಅದೂ ಬರುತ್ತೆ, ಟೇಪ್ ಹಾಕ್ದೆ, ಐಸ್ ಇಡ್ಸಿದೆ, ಸ್ಟ್ರೆಚಿಂಗ್ ಕೊಟ್ಟೆ, ತೊಡೆ ಗಟ್ಟಿಯಾದ್ರೆ ಸರಿಹೋಗುತ್ತೆ ಅಂತ ವ್ಯಾಯಾಮ ಇನ್ನೂ ಜಾಸ್ತಿ ಮಾಡಿಸ್ದೆ. ಮೂರು ವಾರ. ನೋವು ಇಳಿಯೋ ಬದಲು ಏರ್ತು. ಸ್ಕೋರು 29ರಿಂದ 24ಕ್ಕೆ. ಮೊದಲ ವಾರವೇ ಸರ್ಜನ್ನಿಗೆ ಒಂದು ಫೋನ್ ಮಾಡಿದ್ರೆ ಮುಗೀತಿತ್ತು. ಮಾಡ್ಲಿಲ್ಲ, ನನ್ನ ಕೈಯಲ್ಲೇ ಆಗುತ್ತೆ ಅನ್ನೋ ಹಮ್ಮು.

ಸಂಕ್ರಾಂತಿಗೆ ಬಂದ ಮಗ ಅಮ್ಮ ಕುಂಟೋದು ನೋಡಿ ಕಾರಲ್ಲಿ ಕೂರಿಸ್ಕೊಂಡು ಬೆಂಗಳೂರಿಗೆ ಕರ್ಕೊಂಡು ಹೋದ. ಅಲ್ಲಿ ಒಬ್ಬರು ದೊಡ್ಡ ಡಾಕ್ಟ್ರು ಎಕ್ಸ್‌ರೇ ತೆಗ್ಸಿದ್ರು, ಕೆಳಗಿನ ಲೋಹದ ತಟ್ಟೆ ಅಡಿಯಲ್ಲಿ ಒಂದು ತೆಳು ಕಪ್ಪು ಗೆರೆ. ಹಳೇ ಫಿಲಂ ಕೇಳ್ಲಿಲ್ಲ, ಇವರೂ ತಗೊಂಡು ಹೋಗಿರ್ಲಿಲ್ಲ. "ಲೂಸ್ ಆಗಿದೆ, ಅರ್ಧ ಹಾಕಿದ್ರೆ ಹಿಂಗೇ, ಬಿಚ್ಚಿ ಪೂರ್ತಿ ಹಾಕ್ಬೇಕು." ಹತ್ತು ನಿಮಿಷದಲ್ಲಿ ತೀರ್ಮಾನ, ಫೆಬ್ರವರಿಗೆ ಡೇಟು. ಹಾಸನದ ಮೈದುನರು ಫೋನಲ್ಲಿ "ನಾನು ಅವತ್ತೇ ಹೇಳ್ಲಿಲ್ವಾ" ಅಂತ ಶುರು ಮಾಡಿದ್ರಂತೆ. ಯಜಮಾನ್ರು ನನಗೆ ಫೋನ್ ಮಾಡಿ ಬೈಲಿಲ್ಲ, ಬೈದಿದ್ರೆ ಚೆನ್ನಾಗಿರ್ತಿತ್ತು, "ಏನ್ ಮಾಡದು ಮಾರಾಯ, ಇನ್ನೊಂದ್ಸಲ ಕುಯ್ಸಾದೇನಾ?" ಅಂತ ಕೇಳಿದ್ರು ಅಷ್ಟೇ. ಮೊದಲು ಆಪರೇಷನ್ ಮಾಡಿದವರಿಗೆ ಒಂದು ಸಲ ತೋರ್ಸಿ, ಎಲ್ಲಾ ಫಿಲಂ ತಗೊಂಡು ಹೋಗಿ, ನಾನೂ ಬರ್ತೀನಿ ಅಂದೆ.

ಆ ದಿನದ ಅರ್ಧ ಗಂಟೆ ನಾನು ಹದಿನಾಲ್ಕು ವರ್ಷದ ಪ್ರಾಕ್ಟೀಸಲ್ಲಿ ಕಲ್ತಿದ್ದಕ್ಕಿಂತ ಜಾಸ್ತಿ ಕಲ್ಸಿತು. ಸರ್ಜನ್ನು ಮೊದಲು ಆಪರೇಷನ್ ಮಾರನೇ ದಿನದ್ದು, ಆರು ವಾರದ್ದು, ಬೆಂಗಳೂರಿಂದು, ಮೂರು ಫಿಲಂ ಪಕ್ಕಪಕ್ಕ ಇಟ್ರು. ತಟ್ಟೆ ಕೂತಿದ್ದ ಕಡೆಯೇ ಇದೆ, ಓರೆ ಆಗಿಲ್ಲ, ಕುಸಿದಿಲ್ಲ. ಆಮೇಲೆ ಹೊಸದಾಗಿ ಒಂದು ಎಕ್ಸ್‌ರೇ, ಕಿರಣ ಸರಿಯಾಗಿ ಆ ತಟ್ಟೆ ಅಂಚಿಗೆ ನೇರ ಬೀಳೋ ಹಂಗೆ ಹೊಂದಿಸಿ, ಯಾಕಂದ್ರೆ ಸ್ವಲ್ಪ ಓರೆಯಾಗಿ ತೆಗೆದ್ರೂ ಆ ಗೆರೆ ಒಂದ್ಸಲ ಮಾಯ ಆಗುತ್ತೆ ಒಂದ್ಸಲ ದಪ್ಪ ಕಾಣುತ್ತೆ. ಗೆರೆ ಇತ್ತು. 2 ಮಿಲಿಮೀಟರಿಗಿಂತ ತೆಳು, ತಟ್ಟೆಗೆ ಸಮಾನಾಂತರ, ಮತ್ತೆ ಅದರ ಕೆಳಗೆ ಪೆನ್ಸಿಲಲ್ಲಿ ಎಳೆದಂಗೆ ಒಂದು ಬಿಳಿ ಅಂಚು. ಆ ಬಿಳಿ ಅಂಚೇ ಮುಖ್ಯ ಅಂದ್ರು. ಅಲ್ಲಿ ಮೂಳೆ ಗಟ್ಟಿಯಾಗಿ ತನ್ನ ಗಡಿ ಹಾಕ್ಕೊಂಡಿದೆ, ಸಿಮೆಂಟಿಗೂ ಮೂಳೆಗೂ ನಡುವೆ ತೆಳ್ಳಗೆ ನಾರಿನ ಪದರ ಬಂದಿದೆ ಅಂತ ಅರ್ಥ. ಸಿಮೆಂಟ್ ಹಾಕಿ ಕೂರಿಸಿದ ಈ ಥರದ ಮಂಡಿಗಳಲ್ಲಿ ಇಂಥ ಗೆರೆ ಬಹಳ ಸಾಮಾನ್ಯ, ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಕಾಣುತ್ತಂತೆ, ನೋವು ಇಲ್ಲದವರಲ್ಲೂ. ಲೂಸ್ ಆದಾಗ ಬರೋ ಗೆರೆ ಬೇರೆ, 2 ಮಿಲಿಮೀಟರ್ ದಾಟಿರುತ್ತೆ, ಅಂಚು ಕಲಸಿಹೋದಂಗೆ ಇರುತ್ತೆ, ಬಿಳಿ ಗಡಿ ಇರಲ್ಲ, ತಿಂಗಳು ತಿಂಗಳು ಅಗಲ ಆಗ್ತಾ ಹೋಗುತ್ತೆ, ತಟ್ಟೆ ಜಾಗ ಬಿಡುತ್ತೆ. ಅಂಥದ್ದಾದ್ರೆ ಕಾಯೋ ಹಂಗಿಲ್ಲ. ಸೋಂಕು ಇದ್ರೂ ಕಾಯೋ ಹಂಗಿಲ್ಲ, ಅದಕ್ಕೆ ರಕ್ತ ಪರೀಕ್ಷೆ, ಇಎಸ್‌ಆರ್, ಸಿಆರ್‌ಪಿ ಮಾಡ್ಸಿದ್ರು, ಎರಡೂ ನಾರ್ಮಲ್, ಮಂಡಿ ಬಿಸಿ ಇರ್ಲಿಲ್ಲ, ಜ್ವರ ಇರ್ಲಿಲ್ಲ.

ಹಂಗಾದ್ರೆ ನೋವು? ಸರ್ಜನ್ನು ನನ್ನ ಕಡೆ ತಿರುಗಿ "ಏನೇನು ಮಾಡಿಸ್ತಿದ್ರಿ" ಅಂದ್ರು. ಎಂಟು ಇಂಚು ಸ್ಟೆಪ್ಪು, ಮರಳು ಚೀಲ, ಇಳಿಜಾರು ಎಲ್ಲ ಹೇಳ್ದೆ. ಆ ಲೋಹದ ತಟ್ಟೆ ಅಡಿಯಲ್ಲಿ ಇರೋದು ಒಂದು ಸಣ್ಣ ತುಂಡು ಮೂಳೆ, ಆರು ವರ್ಷ ಬಿಲ್ಲುಗಾಲಲ್ಲಿ ಒಂದು ರೀತಿ ಭಾರ ಹೊತ್ತಿದ್ದಕ್ಕೆ ಈಗ ಇನ್ನೊಂದು ರೀತಿ ಭಾರ, ಅದು ಹೊಂದ್ಕೊಂಡು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷ. ಅಷ್ಟರಲ್ಲಿ ಜಾಸ್ತಿ ಹೊರಿಸಿದ್ರೆ ಇದೇ ಜಾಗದಲ್ಲಿ ಇದೇ ನೋವು. ಬಹುಪಾಲು ಜನಕ್ಕೆ ಏನೂ ಮಾಡದೆ ಕಮ್ಮಿ ಆಗುತ್ತೆ. ಆಮೇಲೆ ಅವರು ಹೇಳಿದ ಇನ್ನೊಂದು ಮಾತು ಮಗನಿಗೆ, ಆ ಮೂರು ಪಟ್ಟಿನ ಲೆಕ್ಕದ ಬಗ್ಗೆ. ಪೂರ್ತಿ ಮಂಡಿ ಹಾಕಿದವರು ನೋವು ಅಂತ ಬಂದ್ರೆ ಅದನ್ನ ಬಿಚ್ಚೋದು ದೊಡ್ಡ ಕೆಲಸ, ಹಂಗಾಗಿ ಸರ್ಜನ್ನುಗಳು ನೂರು ಸಲ ಯೋಚ್ನೆ ಮಾಡ್ತಾರೆ. ಒಂದೇ ಕೋಣೆದಾದ್ರೆ ಬಿಚ್ಚಿ ಪೂರ್ತಿ ಹಾಕೋದು ಅಷ್ಟು ಕಷ್ಟ ಅಲ್ಲ, ಕೈ ಬೇಗ ಹೋಗುತ್ತೆ. ಆ ಲೆಕ್ಕದಲ್ಲಿ ನಿಜವಾಗ್ಲೂ ಕೆಟ್ಟ ಮಂಡಿಗಳೂ ಇವೆ, ಮಿಕ್ಕ ಕೋಣೆಗಳು ಸವೆದು ಬಂದವೂ ಇವೆ, ಹಿಂಗೆ ಕಪ್ಪು ಗೆರೆ ನೋಡಿ ಬಿಚ್ಚಿದ್ದೂ ಇವೆ. ಮಗ ಒಂದು ನಿಮಿಷ ಸುಮ್ಮನಿದ್ದು "ಹಂಗಾದ್ರೆ ನಮ್ಮಮ್ಮನೂ ಆ ಲೆಕ್ಕಕ್ಕೆ ಸೇರ್ತಿದ್ರು" ಅಂದ.

ಬೆಂಗಳೂರಿನ ಡಾಕ್ಟ್ರನ್ನ ನಾನು ದೂರಲ್ಲ. ಹಳೇ ಫಿಲಂ ಇಲ್ಲದೆ, ಕುಂಟೋ ಪೇಶೆಂಟು, ತಟ್ಟೆ ಕೆಳಗೆ ಗೆರೆ, ಅವರಿಗೆ ಹಂಗನ್ಸಿರಬಹುದು. ಆದ್ರೆ ಹಳೇ ಫಿಲಂ ತನ್ನಿ ಅನ್ನೋಕೆ ಹತ್ತು ಸೆಕೆಂಡ್ ಸಾಕಾಗ್ತಿತ್ತು.

ಆಮೇಲಿನದು ಕಾಯೋ ಕೆಲಸ, ಬರೆಯೋಕೆ ಏನೂ ಇಲ್ಲ, ಬದುಕೋಕೆ ಕಷ್ಟ. ಕೋಲು ಮತ್ತೆ ಬಂತು, ಎಡಗೈಯಲ್ಲಿ, ನೋವಿರೋ ಕಾಲಿನ ಎದುರು ಕಡೆ. ಸ್ಟೆಪ್ಪು, ಮರಳು ಚೀಲ ಬಂದ್, ಬದಲಿಗೆ ಕುರ್ಚಿ ಮೇಲೆ ಕೂತು ಮಾಡೋ ವ್ಯಾಯಾಮ, ಸೊಂಟದ ಪಕ್ಕದ ಸ್ನಾಯುಗೆ ಮಲಗಿ ಮಾಡೋದು, ಮಗನ ಹಳೇ ಸೈಕಲನ್ನ ಸ್ಟಾಂಡ್ ಹಾಕಿ ಜಗಲೀಲಿ ನಿಲ್ಸಿ ಹತ್ತು ನಿಮಿಷ ತುಳಿಯೋದು. ತೋಟಕ್ಕೆ ಇಳಿಯೋದು ಪೂರ್ತಿ ನಿಲ್ಸಿ ಅಂದ್ರೆ ಕೇಳಲ್ಲ ಅಂತ ಗೊತ್ತಿತ್ತು, ವಾರಕ್ಕೆ ಎರಡು ಸಲ, ಬುಟ್ಟಿ ಇಲ್ಲದೆ, ಅಂತ ಒಪ್ಪಂದ. ಮೆಣಸು ಕೊಯ್ಲಲ್ಲಿ ಕಾಳು ಬಿಡಿಸೋದು ಟೇಬಲ್ ಮೇಲೆ. ಮಾರ್ಚಲ್ಲೂ ನೋವಿತ್ತು, ಏಪ್ರಿಲ್ಲಲ್ಲಿ ಬ್ಲಾಸಂ ಮಳೆ ಬಂದು ಕಾಫಿ ಹೂ ಬಿಟ್ಟು ತೋಟ ಬೆಳ್ಳಗಾದಾಗ ಕೆಳಗಿಳಿದು ನೋಡೋಕೆ ಆಗ್ಲಿಲ್ಲ ಅಂತ ಅಕ್ಕ ಕಣ್ಣೀರು ಹಾಕಿದ್ರು, ಅವತ್ತು ನನಗೂ ಬೆಂಗಳೂರಿನವರು ಹೇಳಿದ್ದೇ ಸರಿಯಿತ್ತೇನೋ ಅನ್ನೋ ಅಳುಕು ಬಂತು, ಸುಳ್ಳು ಹೇಳಲ್ಲ. ಅವತ್ತು ರಾತ್ರಿ ಸರ್ಜನ್ನಿಗೆ ಫೋನ್ ಮಾಡ್ದೆ, ಈ ಸಲ ತಡ ಮಾಡ್ಲಿಲ್ಲ. ಇನ್ನೊಂದು ಎಕ್ಸ್‌ರೇ, ಗೆರೆ ಅಷ್ಟೇ ಇದೆ, ಕಾಯಿರಿ.

ಜೂನಲ್ಲಿ, ಅಂದ್ರೆ ಒಂಬತ್ತನೇ ತಿಂಗಳು ಹತ್ರ ಬಂದಾಗ, ನೋವು ಯಾವತ್ತು ಹೋಯ್ತು ಅಂತ ಅವರಿಗೇ ಗೊತ್ತಾಗ್ಲಿಲ್ಲ. ನಾನು ಮನೆಗೆ ಹೋದಾಗ ಕೋಲು ಬಚ್ಚಲ ಬಾಗಿಲಿಗೆ ಚಿಲಕದ ಥರ ಸಿಕ್ಕಿಸಿತ್ತು. ಕೋಲೆಲ್ಲಿ ಅಕ್ಕ ಅಂದ್ರೆ "ಬಾಗ್ಲು ಗಾಳಿಗೆ ಬಡ್ಕೋತಿತ್ತು ಕಣೋ" ಅಂದ್ರು. ಸ್ಕೋರು 37. ವರ್ಷ ತುಂಬಿದಾಗ 42, ಮಂಡಿ 125 ಡಿಗ್ರಿ, ಗೆರೆ ಈಗಲೂ ಇದೆ, ಕೂದಲೆಳೆಯಷ್ಟೂ ಅಗಲ ಆಗಿಲ್ಲ. ಕ್ರಿಯಾಟಿನೈನ್ 1.1. ಮಂಡಿಯೂರೋ ಪ್ರಶ್ನೆಗೆ ಮಾತ್ರ ಇನ್ನೂ ಒಂದೇ ಮಾರ್ಕು. ಈಳಿಗೆಮಣೆ ಟೇಬಲ್ ಮೇಲೇ ಇದೆ. ಆ ಫಿಲಂಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಮೇಲೆ ಸೊಸೆ ಸ್ಕೆಚ್ ಪೆನ್ನಲ್ಲಿ "ಗೆರೆ ಹಳೇದು, ಬಿಚ್ಬೇಡಿ" ಅಂತ ಬರೆದು ಬೀರುವಿನಲ್ಲಿಟ್ಟಿದ್ದಾರೆ.

ಅಕ್ಕ ಮದುವೆಯಾಗಿ ಬಂದಾಗಿಂದ ನರಕ ಚತುರ್ದಶಿಗೆ ಬರಿಗಾಲಲ್ಲಿ ದೇವೀರಮ್ಮನ ಬೆಟ್ಟ ಹತ್ತಿದವರು, ನೋವು ಜಾಸ್ತಿ ಆದ್ಮೇಲೆ ನಿಂತಿತ್ತು. ಈ ದೀಪಾವಳಿಗೆ ಹತ್ತಲಾ ಅಂತ ಕೇಳಿದ್ರು. ಆ ದಾರಿ ನೋಡಿದವರಿಗೆ ಗೊತ್ತು, ಮಳೆ ಬಿದ್ದಿದ್ರೆ ಕೆಸರು, ಇಲ್ದಿದ್ರೆ ಜಲ್ಲಿಕಲ್ಲು, ಇಳಿಯೋವಾಗ ಜನ ಕೂತ್ಕೊಂಡು ಜಾರ್ತಾರೆ. ಬೇಡ ಅಂದೆ, ಸರ್ಜನ್ನೂ ಬೇಡ ಅಂದ್ರು. ಅಕ್ಕ ಬಿಂಡಿಗದ ಕೆಳಗಿನ ದೇವಸ್ಥಾನದಲ್ಲಿ ಕೂತ್ರು, ಅವರ ಬದಲಿಗೆ 66 ವರ್ಷದ ಯಜಮಾನ್ರು ಹತ್ತಿ ಇಳಿದ್ರು. ಮಾರನೇ ದಿನ ನನಗೆ ಫೋನು, ಎಡ ಮಂಡಿ ಹಿಡ್ಕೊಂಡಿದೆ ಮಾರಾಯ ಅಂತ. ಹಿಂದಿಂದ ಅಕ್ಕನ ದನಿ ಕೇಳ್ತಾ ಇತ್ತು, "ಬೆರಳಲ್ಲಿ ತೋರ್ಸ್ತಾರಾ ಅಂಗೈಲಿ ತೋರ್ಸ್ತಾರಾ ಕೇಳು ಅವ್ರನ್ನ." ಕೇಳ್ದೆ. ಅಂಗೈ ಅಂದ್ರು. ಸೋಮವಾರ ಬನ್ನಿ, ಎಕ್ಸ್‌ರೇ ತೆಗ್ಸೋದಾದ್ರೆ ನಿಂತ್ಕೊಂಡು ತೆಗ್ಸಿ ಅಂದೆ.